ಸಾಣೆಕಲ್ಲಿನ ದೀಪ

ಗಣಪತಿ ಕೂಡಿಸುವುದಕ್ಕೆ ಇನ್ನು ನಾಲ್ಕು ದಿನ ಇರುವಾಗ ತಮ್ಮನ ಮಗ ಬಂದು ನಮ್ಮ ಮನೆಯ ಕಟ್ಟೆಗೆ ಕೂತ. ಬಗಲಲ್ಲಿ ಮಾರುದ್ದದ ಹಲಗೆ, ಅದರ ತುಂಬ ತೆನೆಗೆ ಕಾಳು ಕಚ್ಚಿದ ಹಾಗೆ ಎಲ್‌ಇಡಿಗಳು. ಹುಡುಗ ಜಮಖಂಡಿಯಲ್ಲಿ ಡಿಪ್ಲೊಮಾ ಓದುತ್ತಾನೆ. ಈ ಸಲ ಓಣಿಯ ಮಂಟಪಕ್ಕೆ ಬೋರ್ಡು ತಾನೇ ಮಾಡುತ್ತೇನೆಂದು ಗೆಳೆಯರ ಮುಂದೆ ಮಾತು ಕೊಟ್ಟು ಸಿಕ್ಕಿಬಿದ್ದಿದ್ದ.

“ದೊಡ್ಡಪ್ಪ, ಆರಿಸಿದ ಸಾಲೂ ಮಬ್ಬಕ ಉರೀತೈತಿ. ಚಿಪ್ ಬದಲ ಮಾಡಿ ನೋಡೀನಿ, ಅದೇ ಹಾಡು.”

ಕರೆಂಟು ಕೊಟ್ಟ. ಕೆಂಪಗೆ ‘ಸುಸ್ವಾಗತ’ ಮೂಡಿತು. ಅದರ ಬೆನ್ನಿಗೇ, ಒಂದು ಸಾಲು ಮೇಲಕ್ಕೆ ಜರುಗಿ, ಅದೇ ಸುಸ್ವಾಗತದ ಪ್ರೇತವೂ ಎದ್ದಿತು. ಒಳಗಿನಿಂದ ಬಂದ ನಮ್ಮಾಕೆ ಒಂದು ಗಳಿಗೆ ನಿಂತು ನೋಡಿ, “ಮೊದಲನೇದ್ದು ಗಣಪ್ಪಗ. ಎರಡನೇದ್ದು ಯಾರಿಗೆ, ಇಲಿಗೇನ?” ಎಂದು ಕೇಳಿ ಹೋದಳು.

ನಾನು ಬನಹಟ್ಟಿಯಲ್ಲಿ, ಮಗ್ಗಗಳ ಸದ್ದಿನ ನಡುವೆ, ರೇಡಿಯೊ ರಿಪೇರಿ ಕಲಿತವನು. ನಮ್ಮ ಕಾಲದ ದೋಷಗಳು ಕಿವಿಗೆ ಬೀಳುತ್ತಿದ್ದವು: ಗೊರಗೊರ, ಕೀಚ್, ಇಲ್ಲವೇ ಎರಡು ಸ್ಟೇಷನ್ ಒಂದೇ ಬಾಯಲ್ಲಿ ಮಾತಾಡುವುದು. ಕಣ್ಣಿಗೆ ಬೀಳುವ ದೋಷ ನನಗೆ ಹೊಸದು. ನೀರಿನಲ್ಲಿ ಅಡಗಿಯೂ ದುರ್ಯೋಧನ ಬೆವರಿದ್ದೇಕೆ ಎಂಬುದು ನಮ್ಮ ಮುಧೋಳದ ರನ್ನನಿಗೆ ಗೊತ್ತಿತ್ತು. ಆರಿದ ಸಾಲು ಬೆಳಗುವುದೇಕೆ ಎಂಬುದು ಮಾತ್ರ ತಿಮ್ಮಾಪುರದ ಈ ಮೆಕ್ಯಾನಿಕ್‌ಗೆ ಗೊತ್ತಿರಲಿಲ್ಲ. ಚಾಳೀಸು ಏರಿಸಿದೆ. ಕರೆಂಟಿನ ಪ್ರಮಾಣ ಗೊತ್ತುಮಾಡುವ ರೆಸಿಸ್ಟರ್ ಬದಲಿಸಿದೆವು. ಬೋರ್ಡೆಲ್ಲ ಮಂಕಾಯಿತು, ಪ್ರೇತವೂ ಅಷ್ಟೇ ಮಂಕಾಗಿ ಜೊತೆಗೇ ಉಳಿಯಿತು. ಬೇರೆ ಪವರ್ ಸಪ್ಲೈ ಹಚ್ಚಿದೆವು. ಉಹೂಂ.

ಇನ್ನೊಂದು ವೈರ್ ಸುಲಿಯಬೇಕಿತ್ತು. ಚಾಕು ಮೊಂಡಾಗಿತ್ತು. ಕಟ್ಟೆಯ ಮೂಲೆಯಲ್ಲಿ ಅಪ್ಪನ ಕಾಲದ ಸಾಣೆಕಲ್ಲು ಬಿದ್ದಿರುತ್ತದೆ. ಕಬ್ಬು ಕಡಿಯುವ ಹಂಗಾಮು ಬಂತೆಂದರೆ ಓಣಿಯ ಕುಡಗೋಲುಗಳೆಲ್ಲ ಅದಕ್ಕೇ ಬರುತ್ತಿದ್ದವು. ಎರಡು ಸಲ ಚಾಕು ಉಜ್ಜಿದೆ. ಬಿಸಿಲಿಗೆ ಕಲ್ಲಿನ ಹರಳು ಮಿಣುಕ್ ಅಂತು. ಬೋರ್ಡಿನ ಕೆಲಸ ಕೆಟ್ಟದ್ದು ಅಲ್ಲಿ. ಆ ಕಲ್ಲಿನ ಕಥೆ ನನಗೆ ಗೊತ್ತಿತ್ತು, ಹೇಳದೆ ಇರಲಾಗಲಿಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಇದಕ್ಕೆ ಕಾರ್ಬೋರಂಡಮ್ ಕಲ್ಲು ಅನ್ನುತ್ತಾರೆ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಜ್ರ ಮಾಡಲು ಹೋಗಿ ಮಾಡಿದ್ದು ಇದನ್ನು. ಮಣ್ಣಿಗೆ ಕಲ್ಲಿದ್ದಲ ಕೋಕ್ ಬೆರೆಸಿ ಕರೆಂಟಿನಿಂದ ಕಾಯಿಸಿದ. ವಜ್ರ ಬರಲಿಲ್ಲ, ಹಟದಲ್ಲಿ ವಜ್ರಕ್ಕೆ ತುಸುವೇ ಕಡಿಮೆಯಾದ ಹರಳು ಬಂತು. ಮುಂದೆ 1907ರಲ್ಲಿ, ಮಾರ್ಕೋನಿಯ ಕೈಕೆಳಗೆ ದುಡಿಯುತ್ತಿದ್ದ ಹೆನ್ರಿ ರೌಂಡ್ ಎಂಬ ಇಂಗ್ಲೆಂಡಿನವನು ರೇಡಿಯೊ ಅಲೆ ಹಿಡಿಯಲು ಈ ಹರಳಿಗೆ ತಂತಿ ಮುಟ್ಟಿಸುತ್ತಿದ್ದ. ಹತ್ತು ವೋಲ್ಟ್ ಕೊಟ್ಟಾಗ ಕಲ್ಲು ಹಳದಿಯಾಗಿ ಬೆಳಗಿತು. ಕೆಲವು ಹರಳು ಹಸಿರು, ಕೆಲವು ಕಿತ್ತಳೆ, ಕೆಲವು ನೀಲಿ. ಅವನಿಗೆ ಬೇಕಾದದ್ದು ಶಬ್ದ, ಬೆಳಕು ಕೇಳಿದವರಾರು? ಒಂದು ಪತ್ರಿಕೆಗೆ ಎರಡು ಮಾತು ಬರೆದು ತನ್ನ ಕೆಲಸ ನೋಡಿಕೊಂಡ.

“ಅಂದ್ರ ಮೊದಲನೇ ಎಲ್‌ಇಡಿ ಸಾಣಿ ಕಲ್ಲ?” ಹುಡುಗ ಬೋರ್ಡು ಕೆಳಗಿಟ್ಟ.

ನನಗೆ ಇಷ್ಟದವನು ರೌಂಡ್ ಅಲ್ಲ, ಅವನ ಹಿಂದೆ ಬಂದ ರಷ್ಯದ ಒಲೆಗ್ ಲೋಸೆವ್. ನಿಜ್ನಿ ನೊವ್‌ಗೊರೊದ್‌ನ ರೇಡಿಯೊ ಪ್ರಯೋಗಾಲಯದಲ್ಲಿ ಟಪಾಲು ಮುಟ್ಟಿಸುವ ಹುಡುಗನಾಗಿ ಸೇರಿದವನು. 1920ರ ದಶಕದಲ್ಲಿ ಇದೇ ಹರಳಿನ ಇದೇ ಮಂದ ಬೆಳಕು ಅವನ ಕಣ್ಣಿಗೂ ಬಿತ್ತು, ಅವನು ಬಿಡಲಿಲ್ಲ. ತಂತಿ ಕಾದು ಕೆಂಪಾದಂತೆ ಇದೂ ಕಾವಿನ ಬೆಳಕೋ, ಬೇರೆ ಏನೋ? ಅಷ್ಟು ಸಣ್ಣ ಚುಕ್ಕೆಗೆ ಥರ್ಮಾಮೀಟರ್ ಹಿಡಿಯುವುದೆಲ್ಲಿ? ಬೆಳಗುವ ಜಾಗದ ಮೇಲೆ ಬೆಂಜೀನಿನ ಒಂದು ಹನಿ ಬಿಟ್ಟು ನೋಡಿದ. ಹನಿ ಚುರ್ ಅನ್ನಲಿಲ್ಲ, ಸಾವಕಾಶವಾಗಿ ಆರಿತು. ಇದು ತಣ್ಣನೆಯ ಬೆಳಕು ಎಂದು ಬರೆದ.

ಇದನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ಅವ್ವ. ರೊಟ್ಟಿ ಹಾಕುವ ಮೊದಲು ಹಂಚಿನ ಮೇಲೆ ನಾಲ್ಕು ಹನಿ ಚಿಮುಕಿಸಿ, ಕಿವಿಗೊಟ್ಟು, “ಇನ್ನs ಕಾದಿಲ್ಲ” ಅನ್ನುತ್ತಿದ್ದಳು. ಹಂಚು ಕಾದಿಲ್ಲವೆಂದರೆ ಅವ್ವನಿಗೆ ಸಿಟ್ಟು, ಲೋಸೆವ್‌ಗೆ ಹಬ್ಬ. ಅವನು ಅವ್ವನನ್ನು ಕಂಡವನಲ್ಲ. ಆದರೂ ಆ ಹನಿಯ ಉಪಾಯ ಅವನಿಗೆ ಯಾವುದೋ ಅಡುಗೆಮನೆಯಲ್ಲೇ ಹೊಳೆದಿರಬೇಕು ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೇನೆ. ಲೆನಿನ್‌ಗ್ರಾಡನ್ನು ಜರ್ಮನರು ಮುತ್ತಿಗೆ ಹಾಕಿದಾಗ, 1942ರಲ್ಲಿ, ಅವನು ಹಸಿವಿನಿಂದ ಸತ್ತ. ವಯಸ್ಸು 38.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ನೊಬೆಲ್ ಸಿಕ್ಕಿತ್ತಲ್ಲ ದೊಡ್ಡಪ್ಪ ಯಾರಿಗೋ?” ಅಂದ. ಸಿಕ್ಕಿತು, 2014ರಲ್ಲಿ, ನೀಲಿ ಎಲ್‌ಇಡಿ ಮಾಡಿದ ಜಪಾನಿನ ಮೂವರಿಗೆ. ಈ ಹಲಗೆಯ ಮೇಲಿನ ಕೆಂಪನ್ನು 1962ರಲ್ಲಿ ತೋರಿಸಿದವನು ನಿಕ್ ಹೊಲೊನ್ಯಾಕ್. ದೊಡ್ಡವರು, ಕೈ ಮುಗಿಯುತ್ತೇನೆ. ಆದರೆ ಅವರ ಮೇಲೆ ಕಥೆ ಹೇಳಲು ನನಗೆ ಬಾಯಿ ಬರುವುದಿಲ್ಲ.

“ಬೋರ್ಡ?” ಅಂತ ನೆನಪಿಸಿದ.

ಬೋರ್ಡು. ಅಕ್ಷರ ತೆಗೆದು ಓರೆಯಾಗಿ ಒಂದೇ ಒಂದು ಗೆರೆ ಎಳೆ ಅಂದೆ. ಎಳೆದ. ಗೆರೆಯ ಪಕ್ಕದಲ್ಲೇ, ಒಂದು ಸಾಲು ಮೇಲೆ, ಮಸುಕಾದ ಇನ್ನೊಂದು ಗೆರೆ. ಎಲ್ಲೆಂದರಲ್ಲಿ ಅಲ್ಲ, ಪ್ರತಿ ಸಲವೂ ಈಗಷ್ಟೇ ಆರಿದ ಸಾಲಿನಲ್ಲಿ. ಆಗ ತಿಳಿಯಿತು. ಇಂಥ ಬೋರ್ಡಿನಲ್ಲಿ ಎಂಟು ಸಾಲೂ ಒಟ್ಟಿಗೆ ಉರಿಯುವುದಿಲ್ಲ, ಪಾಳಿಯ ಮೇಲೆ ಉರಿಯುತ್ತವೆ. ಕಣ್ಣು ಮೋಸಹೋಗುವಷ್ಟು ಬೇಗ. ನಮ್ಮ ಕಬ್ಬಿನ ಗದ್ದೆಗೆ ನೀರು ಹಾಯಿಸುವ ಹಾಗೆಯೇ. ತೂಬು ಮುಚ್ಚಿದ ಕೂಡಲೇ ಕಾಲುವೆ ಬರಿದಾಗುತ್ತದೆಯೇ? ನಿಂತ ನೀರು ನಿಂತೇ ಇರುತ್ತದೆ. ಮೇಲಿನ ಸಾಲಿನ ಟ್ರಾನ್ಸಿಸ್ಟರ್ ಮುಚ್ಚಿದರೂ ಆ ಸಾಲಿನ ತಂತಿಯಲ್ಲಿ ಚೂರು ಚಾರ್ಜ್ ನಿಂತಿರುತ್ತದೆ. ಕೆಳಗಿನ ಸಾಲಿಗೆಂದು ಡ್ರೈವರ್ ಚಿಪ್ ತನ್ನ ಕಾಲು ತೆರೆದ ಕ್ಷಣ, ಆ ಉಳಿಕೆಯೂ ಮೇಲಿನ ಸಾಲಿನ ಎಲ್‌ಇಡಿಯ ಮೂಲಕ ಅಲ್ಲಿಗೇ ಇಳಿಯುತ್ತದೆ. ಪ್ರೇತವೆಂದರೆ ಅಷ್ಟೇ, ಕಾಲುವೆಯ ತಳದ ನೀರು. ಚಿಪ್ ಬದಲಿಸಿದರೆ ಅದಕ್ಕೇನು?

ಎರಡು ಕೆಲಸ ಮಾಡಿದೆವು. ಪ್ರತಿ ಸಾಲಿನಿಂದ ಗ್ರೌಂಡ್‌ಗೆ 4.7 ಕಿಲೋ ಓಮ್‌ನ ಒಂದೊಂದು ರೆಸಿಸ್ಟರ್ ಬೆಸೆದೆ, ಉಳಿಕೆ ನೀರು ಬಸಿದುಹೋಗಲು ಸಣ್ಣ ಬಚ್ಚಲ ಇದ್ದ ಹಾಗೆ. ಅವನು ಪ್ರೋಗ್ರಾಮಿನಲ್ಲಿ, ಒಂದು ಸಾಲು ಆರಿಸಿ ಇನ್ನೊಂದು ಹಚ್ಚುವ ನಡುವೆ ಚಿಪ್ಪಿನ ಎಲ್ಲ ಕಾಲುಗಳನ್ನೂ ಮುಚ್ಚಿ, ಕೆಲವು ಮೈಕ್ರೋಸೆಕೆಂಡ್ ಕಾಯುವಂತೆ ಬರೆದ. ಮೊದಲು ಅವಸರ ಮಾಡಿ ಕಾಯುವುದನ್ನು ಸಾಲು ಆರಿಸುವುದಕ್ಕಿಂತ ಮುಂಚೆ ಇಟ್ಟಿದ್ದ. ಪ್ರೇತ ಅರ್ಧ ಮಾತ್ರ ಹೋಯಿತು. ಹಿಂದುಮುಂದು ಸರಿಮಾಡಿದ. ಸುಸ್ವಾಗತ ಒಂದೇ ಉಳಿಯಿತು. ಇಲಿಗೆ ಏನೂ ಇಲ್ಲ.

ಕತ್ತಲಾಗಿತ್ತು. ಹುಡುಗ ಬೋರ್ಡು ಎತ್ತಿಕೊಂಡು ಹೋಗುತ್ತಾನೆಂದುಕೊಂಡೆ. ಹೋಗಲಿಲ್ಲ. ಸಾಣೆಕಲ್ಲಿನ ಒಡಕು ಚೂರೊಂದನ್ನು ಕೈಯಲ್ಲಿ ತಿರುಗಿಸುತ್ತ, “ಹನ್ನೆರಡು ವೋಲ್ಟ್ ಐತಿ, ನೋಡೂಣೇನ?” ಅಂದ. ಪಡಸಾಲೆಯ ದೀಪ ಆರಿಸಿದೆವು. ಒಂದು ಹರಳಿನ ಎರಡು ಬದಿಗೆ ಎರಡು ಹೊಲಿಗೆ ಸೂಜಿ. ನಾನು ಉಸಿರು ಹಿಡಿದೆ.

“ಕಂಡ್ತು! ಹಳದಿ!”

“ಎಲ್ಲಿ?”

“ಇಲ್ಲಿತ್ತು... ಸೂಜಿ ಜಾರಿತು.”

ನನ್ನ ಕಣ್ಣಿಗೆ ಪೊರೆ ಬೇರೆ ಬಂದಿದೆ. ಮತ್ತೆ ಮುಟ್ಟಿಸಿದೆವು. ಮತ್ತೆ. ಒಳಗಿನಿಂದ ಕೂಗು ಬಂತು: “ಈಳಿಗಿ ಮೊಂಡಾಗೇತಿ. ಕಲ್ಲೆಲ್ಲಿ ಒಯ್ದ್ರಿ? ಆ ದೀಪಾರ ಯಾಕ ಆರಿಸೀರಿ?”

“ಒಂದು ನಿಮಿಷ, ದೊಡ್ಡವ್ವ,” ಅಂದ ಹುಡುಗ, ಕಲ್ಲಿನಿಂದ ಕಣ್ಣು ಎತ್ತದೆ.