ಇಬ್ಬರೂ ಹೇಳುವ ಆಮೆನ್

ನಮ್ಮ ಧರ್ಮಕೇಂದ್ರದಲ್ಲಿ ಹಲವು ವರ್ಷಗಳಿಂದ ನಾನು ವಾಚಕ. ಭಾನುವಾರದ ಬಲಿಪೂಜೆಯಲ್ಲಿ ಓದಬೇಕಾದ ಭಾಗವನ್ನು ಶನಿವಾರ ರಾತ್ರಿಯೇ ಎರಡು ಮೂರು ಬಾರಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿಕೊಳ್ಳುವುದು ನನ್ನ ಪದ್ಧತಿ. ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಲೇ ಕಿವಿಗೊಡುವ ನನ್ನ ಪತ್ನಿ, ನಾನು ಎಡವಿದ ಪದವನ್ನು ಅಲ್ಲಿಂದಲೇ ತಿದ್ದುತ್ತಾಳೆ. ನನ್ನ ಓದನ್ನು ಮೆಚ್ಚುವವರಿಗೆ ಈ ಸಂಗತಿ ತಿಳಿಯದು.

2024ರ ಆಗಸ್ಟ್ 24ರ ರಾತ್ರಿ ಮಾತ್ರ ಅಡಿಗೆಮನೆಯಿಂದ ಯಾವ ಧ್ವನಿಯೂ ಬರಲಿಲ್ಲ. ಅಷ್ಟರಲ್ಲಿ ನಾವು ಮಾತು ಬಿಟ್ಟು ಮೂರು ವಾರಗಳಾಗಿದ್ದವು. "ಊಟಕ್ಕೆ ಬನ್ನಿ", "ಹಾಲು ಬಂತು" ಎಂಬಷ್ಟಕ್ಕೇ ನಮ್ಮ ಸಂಭಾಷಣೆ ನಿಂತಿತ್ತು.

ತಪ್ಪು ನನ್ನದೇ. ನನ್ನ ತಮ್ಮ ಅಂಗಡಿ ತೆರೆಯಲು ಸಹಕಾರ ಸಂಘವೊಂದರಿಂದ ಸಾಲ ಪಡೆದಾಗ ನಾನು ಜಾಮೀನು ನಿಂತಿದ್ದೆ. ತಿಳಿಸಿದರೆ ಬೇಡವೆಂದಾಳೆಂಬ ಅಂಜಿಕೆಯಿಂದ ಪತ್ನಿಗೆ ಹೇಳಿರಲಿಲ್ಲ. ವ್ಯಾಪಾರ ಕೈಕಚ್ಚಿತು, ಕಂತುಗಳು ನಿಂತವು, ನೋಟೀಸು ನಮ್ಮ ಮನೆಗೆ ಬಂತು. ಲಕೋಟೆ ಒಡೆದು ಓದಿದವಳು ಅವಳು. ಮಗಳ ನರ್ಸಿಂಗ್ ಓದಿಗೆಂದು ವರ್ಷಗಳಿಂದ ಕೂಡಿಟ್ಟಿದ್ದ ಹಣದಲ್ಲಿ ಬಹುಪಾಲು ಆ ಬಾಕಿಗೆ ಹೋಯಿತು.

ಆಶ್ಚರ್ಯವೆಂದರೆ, ಆ ಮೂರು ವಾರಗಳಲ್ಲಿ ನಮ್ಮ ಮನೆಯ ಜಪಸರ ಒಂದು ದಿನವೂ ನಿಲ್ಲಲಿಲ್ಲ. ನಾನು ಅರ್ಧ ಹೇಳಿದರೆ ಉಳಿದರ್ಧವನ್ನು ಅವಳು ಹೇಳುತ್ತಿದ್ದಳು. ದೇವರ ಮುಂದೆ ಇಬ್ಬರ ನಾಲಗೆಯೂ ಆಡುತ್ತಿತ್ತು. ಶಿಲುಬೆಯ ಗುರುತು ಹಾಕಿ ಎದ್ದೊಡನೆ ಮತ್ತೆ ಮೌನ. ಪ್ರಾರ್ಥನೆ ನಡೆಯುವ ಮನೆಯಲ್ಲಿ ಮುನಿಸು ಉಳಿಯದೆಂದು ಧರ್ಮೋಪದೇಶದ ಮಕ್ಕಳಿಗೆ ಹೇಳಿಕೊಟ್ಟವನು ನಾನೇ. ಪ್ರಾರ್ಥನೆಯನ್ನು ಮುನಿಸಿನ ಮೇಲೆ ಮುಚ್ಚುವ ಬಟ್ಟೆಯಾಗಿಯೂ ಬಳಸಬಹುದೆಂದು ಆಗ ಕಂಡುಕೊಂಡೆ.

ಮರುದಿನ ಸಾಧಾರಣ ಕಾಲದ 21ನೆಯ ಭಾನುವಾರ. ನನ್ನ ಪಾಲಿಗೆ ಬಂದಿದ್ದುದು ಎರಡನೆಯ ವಾಚನ: ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯ. ಕ್ರಿಸ್ತರು ಧರ್ಮಸಭೆಗಾಗಿ ತಮ್ಮನ್ನೇ ಅರ್ಪಿಸಿದಂತೆ ಪತಿಯು ಪತ್ನಿಯನ್ನು ಪ್ರೀತಿಸಬೇಕೆಂದು ಬೋಧಿಸುವ ಭಾಗ. ಎರಡನೆಯ ಬಾರಿ ಓದುತ್ತಿದ್ದಾಗ ಅವಳು ಬಾಗಿಲಲ್ಲಿ ಬಂದು ನಿಂತಳು.

"ನಾಳೆ ಇದನ್ನು ನೀವು ಓದುತ್ತೀರೇನ್ರೀ?"

ಆ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ತಿಳಿಯಲೆಂದೇ ಕೇಳಿದಂತಿತ್ತು. ನನ್ನಲ್ಲಿ ಉತ್ತರವಿರಲಿಲ್ಲ. "ನನ್ನದು ತಪ್ಪಾಯಿತು" ಎಂದೆ. ಅವಳು ಏನೂ ಹೇಳದೆ ಒಳಗೆ ಹೋದಳು.

ಬಲಿಪೀಠದ ಮುಂದೆ ಕಾಣಿಕೆಯೊಡನೆ ನಿಂತವನು, ಸೋದರನ ಮನಸ್ಸಿನಲ್ಲಿ ತನ್ನ ಬಗ್ಗೆ ನೋವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂದು ಯೇಸುಸ್ವಾಮಿ ಪರ್ವತ ಪ್ರಬೋಧನೆಯಲ್ಲಿ ಆಜ್ಞಾಪಿಸಿದ್ದಾರೆ. ನನ್ನ ಕಾಣಿಕೆ ನನ್ನ ಓದು. ಬೆಳಿಗ್ಗೆ ಗುರುಗಳ ಬಳಿಗೆ ಹೋಗಿ, "ಫಾದರ್, ಇಂದು ನಾನು ಓದಲಾರೆ" ಎಂದೆ. ಅವರು ಕಾರಣ ಕೇಳಲಿಲ್ಲ. ಯುವಕನೊಬ್ಬನಿಗೆ ಪುಸ್ತಕ ಕೊಟ್ಟರು.

ಅಂದು ವಾಚಕನಾಗಿ ಅಲ್ಲ, ಕೇಳುಗನಾಗಿ ಕುಳಿತೆ. ಮೊದಲ ವಾಚನದಲ್ಲಿ ಯೆಹೋಶುವನು ತಾನೂ ತನ್ನ ಮನೆತನದವರೂ ಪ್ರಭುವಿನ ಸೇವೆಯನ್ನೇ ಆರಿಸಿಕೊಂಡಿದ್ದೇವೆಂದು ಸಾರುತ್ತಾನೆ. ಶುಭಸಂದೇಶದಲ್ಲಿ ಯೇಸುವಿನ ಬೋಧನೆ ಕಠಿಣವೆಂದು ಅನೇಕರು ಬಿಟ್ಟುಹೋಗುತ್ತಾರೆ. ಹನ್ನೆರಡು ಮಂದಿಯನ್ನು ಅವರು, ನೀವೂ ಹೋಗಬೇಕೆಂದಿದ್ದೀರೋ ಎಂದು ಕೇಳುತ್ತಾರೆ. ನಡುವೆ ಪೌಲರ ಪತ್ರ. ಈ ಮೂರನ್ನೂ ಒಂದೇ ಮನೆಯ ಮಾತಾಗಿ ನಾನು ಕೇಳಿದ್ದು ಅದೇ ಮೊದಲು.

ಗುರುಗಳು ಪ್ರಬೋಧನೆಯಲ್ಲಿ ಒಂದು ಸೂಕ್ಷ್ಮವನ್ನು ತೋರಿಸಿದರು. ಪತ್ನಿಯು ಪತಿಗೆ ವಿಧೇಯಳಾಗಿರಬೇಕೆಂಬ 22ನೆಯ ವಾಕ್ಯವನ್ನು ಗಂಡಸರು ಬಹಳ ಬೇಗ ನೆನಪಿಸಿಕೊಳ್ಳುತ್ತೇವೆ. ಆದರೆ ಗ್ರೀಕ್ ಮೂಲದ ಅತಿ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ ಆ ವಾಕ್ಯಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ. ಅದು 21ನೆಯ ವಾಕ್ಯದಿಂದ ಬರಬೇಕು. ಆ ವಾಕ್ಯವಾದರೋ, ಕ್ರಿಸ್ತರ ಮೇಲಿನ ಭಯಭಕ್ತಿಯಿಂದ ಎಲ್ಲರೂ ಪರಸ್ಪರ ಅಧೀನರಾಗಿರಬೇಕೆಂದು ಹೇಳುತ್ತದೆ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಓದುವಂತಿಲ್ಲ.

ಪ್ರಭು ಕಲಿಸಿದ ಪ್ರಾರ್ಥನೆ ಮುಗಿದು, ಪರಸ್ಪರ ಶಾಂತಿಯನ್ನು ಕೋರುವ ಸಮಯ ಬಂತು. ನಮ್ಮ ದೇವಾಲಯದಲ್ಲಿ ಇಂದಿಗೂ ಗಂಡಸರು ಒಂದು ಬದಿಗೆ, ಹೆಂಗಸರು ಇನ್ನೊಂದು ಬದಿಗೆ ಕುಳಿತುಕೊಳ್ಳುವ ರೂಢಿಯಿದೆ. ಪಕ್ಕದವರಿಗೆ ಕೈಮುಗಿದ ಮೇಲೆ ನಡುವಿನ ದಾರಿಯಾಚೆ ನೋಡಿದೆ. ಅವಳು ಆಗಲೇ ನನ್ನ ಕಡೆಗೆ ತಿರುಗಿ ಕೈಜೋಡಿಸಿ ನಿಂತಿದ್ದಳು. ನಾನೂ ತಲೆಬಾಗಿ ನಮಸ್ಕರಿಸಿದೆ. ಪರಮಪ್ರಸಾದಕ್ಕೆ ಮುನ್ನ ಈ ವಿಧಿಯನ್ನು ಧರ್ಮಸಭೆ ಏಕೆ ಇರಿಸಿದೆಯೆಂದು ಆಗ ತಿಳಿಯಿತು.

ಮನೆಗೆ ಬಂದ ಮೇಲೆ ಅವಳು ಮಾತನಾಡಿದಳು. "ಹಣ ಹೋದದ್ದಕ್ಕಲ್ಲ ನನಗೆ ಸಂಕಟ. ನನ್ನನ್ನು ಕೇಳಿದ್ದರೆ ಮೈದುನನಿಗೆ ಜಾಮೀನು ನಿಲ್ಲಿ ಎಂದು ನಾನೇ ಹೇಳುತ್ತಿದ್ದೆ. ಮದುವೆಯ ದಿನ ದೇವಾಲಯದ ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಿದ್ದೆವು. ಇದಕ್ಕೆ ಮಾತ್ರ ನೀವೊಬ್ಬರೇ ಹೋಗಿ ಹಾಕಿ ಬಂದಿರಿ."

ವಿವಾಹ ಸಂಸ್ಕಾರವನ್ನು ವಧೂವರರು ಒಬ್ಬರಿಗೊಬ್ಬರು ನೀಡುತ್ತಾರೆ. ಗುರುಗಳು ಧರ್ಮಸಭೆಯ ಪರವಾಗಿ ಅವರ ಒಪ್ಪಿಗೆಯನ್ನು ಸ್ವೀಕರಿಸುತ್ತಾರೆ ಎಂಬುದು ನಮ್ಮ ಲತೀನ್ ಸಂಪ್ರದಾಯದ ಬೋಧನೆ. ಇದನ್ನು ನಾನು ಎಷ್ಟೋ ಸಲ ಇತರರಿಗೆ ವಿವರಿಸಿದ್ದೇನೆ. ಆ ನೀಡುವಿಕೆ ಮದುವೆಯ ದಿನವೇ ಮುಗಿಯುವುದಿಲ್ಲವೆಂಬುದನ್ನು ನನಗೆ ವಿವರಿಸಿದವಳು ಅವಳು.

ಅಂದಿನಿಂದ ನಮ್ಮ ರಾತ್ರಿಯ ಪ್ರಾರ್ಥನೆಯಲ್ಲಿ ಒಂದು ಸಣ್ಣ ಬದಲಾವಣೆಯಾಗಿದೆ. ಜಪಸರಕ್ಕೆ ಮೊದಲು ಮುಂದಿನ ಭಾನುವಾರದ ಶುಭಸಂದೇಶವನ್ನು ಒಬ್ಬರು ಓದುತ್ತೇವೆ. ಆ ದಿನ ಇನ್ನೊಬ್ಬರಿಗೆ ತಿಳಿಸದೆ ಉಳಿಸಿಕೊಂಡದ್ದೇನಾದರೂ ಇದ್ದರೆ ಹೇಳಿಬಿಡುತ್ತೇವೆ. ಕೆಲವು ರಾತ್ರಿ ಅದರಿಂದಲೇ ಜಗಳವಾಗಿ ಜಪಸರ ತಡವಾದದ್ದೂ ಉಂಟು. ಜಗಳವನ್ನು ಮುಗಿಸಿಯೇ ಮಣಿಗಳನ್ನು ಕೈಗೆತ್ತಿಕೊಳ್ಳುತ್ತೇವೆ. ದಿನ ಮುಗಿಯುವ ಮುನ್ನ ದಂಪತಿಗಳು ಸಮಾಧಾನ ಮಾಡಿಕೊಳ್ಳಬೇಕೆಂದು ಪೋಪ್ ಫ್ರಾನ್ಸಿಸ್‌ರವರು 2016ರ 'ಆಮೋರಿಸ್ ಲೆಟೀಷಿಯ' ಪ್ರೇಷಿತ ಪ್ರಬೋಧನೆಯಲ್ಲಿ ಬರೆದಿದ್ದಾರೆ. ಅದು ಎಷ್ಟು ಪ್ರಾಯೋಗಿಕ ಸಲಹೆಯೆಂಬುದು ನಮಗೀಗ ಗೊತ್ತು.

ಕಷ್ಟ ತೀರಿದೆಯೆಂದು ಹೇಳಲಾರೆ. ಮಗಳ ಶುಲ್ಕಕ್ಕಾಗಿ ಪತ್ನಿಯ ಬಳೆಗಳು ಅಡವಿಗೆ ಹೋದವು. ಆದರೆ ಆ ತೀರ್ಮಾನವನ್ನು ಇಬ್ಬರೂ ಕುಳಿತು, ಪ್ರಾರ್ಥಿಸಿ, ಒಟ್ಟಿಗೆ ಮಾಡಿದೆವು.

ತೊಬಿತನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ತೊಬಿಯನೂ ಸಾರಳೂ ಮದುವೆಯ ರಾತ್ರಿ ಎದ್ದು ನಿಂತು ಪ್ರಾರ್ಥಿಸುತ್ತಾರೆ. ಪ್ರಾರ್ಥನೆಯ ಮಾತುಗಳನ್ನು ನುಡಿಯುವವನು ತೊಬಿಯ. ಕೊನೆಯ ಆಮೆನ್ ಮಾತ್ರ ಇಬ್ಬರದು. ಪ್ರಿಯ ಓದುಗರೇ, ಆಮೆನ್ ಕೂಡ ಒಂದು ಸಹಿಯೇ. ಇಂದು ರಾತ್ರಿ ನಿಮ್ಮ ಮನೆಯಲ್ಲಿ ಅದನ್ನು ಹೇಳುವ ಮುನ್ನ ಪಕ್ಕದಲ್ಲಿರುವವರ ಮುಖವನ್ನು ಒಮ್ಮೆ ನೋಡಿರಿ.