ಕೈಯಿಂದ ಕೈಗೆ ಸಾಗಿದ ಕನೆಕ್ಷನ್

ಬೆಂಗಳೂರು ವಿಶ್ವವಿದ್ಯಾಲಯವು 1973ರಲ್ಲಿ ಜ್ಞಾನಭಾರತಿ ಆವರಣಕ್ಕೆ ಬಂದಾಗ ಮೈಸೂರು ರಸ್ತೆಯ ಈ ಭಾಗವು ಊರಿನ ಅಂಚಿನಾಚೆ ಇತ್ತು. ಮುಂದೆ ಸಮೀಪದ ಗ್ಲೋಬಲ್ ವಿಲೇಜಿನಲ್ಲಿ ಮೈಂಡ್‌ಟ್ರೀಯಂಥ ಕಂಪನಿಗಳು ನೆಲೆಯೂರಿದ ಮೇಲೆ, ಎಂಸಿಎ ಓದಿದವರಿಗೆ ಪ್ರೋಗ್ರಾಮ್ ಬರೆಯುವ ಕಸುಬು ಓದಿದ ಊರಲ್ಲೇ ದೊರೆಯುವಂತಾಯಿತು. ಆ ಕಸುಬನ್ನು ಜಾವಾ ಭಾಷೆಯ ಆರಂಭದ ದಿನಗಳಿಂದ ಕಂಡವರ ನೆನಪಿನಲ್ಲಿ ಉಳಿದಿರುವ ಬದಲಾವಣೆಗಳಲ್ಲಿ ಟ್ರಾನ್ಸಾಕ್ಷನ್ ನಿರ್ವಹಣೆಯದು ಬಹಳ ಮುಖ್ಯವಾದುದು.

ಪೂರ್ತಿ ನಡೆಯಬೇಕು, ಇಲ್ಲವೇ ನಡೆದೇ ಇಲ್ಲದಂತಿರಬೇಕು ಎಂದು ಒಟ್ಟಿಗೆ ಕಟ್ಟಿದ ಡೇಟಾಬೇಸ್ ಕೆಲಸಗಳ ಗಂಟೇ ಟ್ರಾನ್ಸಾಕ್ಷನ್. ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ 1981ರಲ್ಲಿ ಈ ಪರಿಕಲ್ಪನೆಯನ್ನು ವಿವರವಾಗಿ ಮಂಡಿಸಿದ್ದರು. ಪರೀಕ್ಷಾ ಶುಲ್ಕ ಕಟ್ಟಿಸಿಕೊಳ್ಳುವ ಪ್ರೋಗ್ರಾಮನ್ನು ತೆಗೆದುಕೊಂಡರೆ, ಮೊತ್ತ ಬರೆಯುವುದು, ರಸೀದಿಯ ಕ್ರಮಸಂಖ್ಯೆ ಏರಿಸುವುದು, ಹಾಲ್ ಟಿಕೆಟ್‌ಗೆ ಅರ್ಹತೆ ಗುರುತಿಸುವುದು ಬೇರೆ ಬೇರೆ ಮೆಥಡ್‌ಗಳಲ್ಲಿ, ಅಂದರೆ ಹೆಸರಿಟ್ಟು ಕರೆಯಬಹುದಾದ ಆದೇಶಗಳ ತುಣುಕುಗಳಲ್ಲಿ, ಇರುತ್ತವೆ. ಆದರೂ ಮೂರೂ ಒಟ್ಟಿಗೆ ಕಮಿಟ್ ಆಗಿ ಕಾಯಂ ಆಗಬೇಕು, ನಡುವೆ ಒಂದು ಎಡವಿದರೆ ಮೂರೂ ರೋಲ್‌ಬ್ಯಾಕ್ ಆಗಿ ಹಿಂದಿನ ಸ್ಥಿತಿಗೆ ಮರಳಬೇಕು.

ಜಾವಾದಿಂದ ಡೇಟಾಬೇಸನ್ನು ತಲುಪಿಸುವ ಜೆಡಿಬಿಸಿಯೊಂದನ್ನೇ ನಂಬಿದ್ದ ಕಾಲದಲ್ಲಿ ಪ್ರತಿ ಆದೇಶವೂ ತಾನಾಗಿಯೇ ಕಮಿಟ್ ಆಗುತ್ತಿದ್ದುದರಿಂದ, ಉಳಿದವನ್ನು ಕರೆಯುವ ಮೇಲಿನ ಮೆಥಡ್ ಮೊದಲು ಆ ಆಟೋಕಮಿಟ್ಟನ್ನು ನಿಲ್ಲಿಸಿ, ಡೇಟಾಬೇಸಿನೊಡನೆ ತೆರೆದ ಕನೆಕ್ಷನ್ನನ್ನು ಕೆಳಗಿನ ಪ್ರತಿ ಮೆಥಡ್‌ಗೂ ಮೊದಲ ಆರ್ಗ್ಯುಮೆಂಟಾಗಿ ದಾಟಿಸುತ್ತಿತ್ತು. ಹತ್ತು ಸಾಲಿನ ಕೆಲಸಕ್ಕೆ ದೋಷ ಹಿಡಿಯುವ ಟ್ರೈ, ಕ್ಯಾಚ್, ಫೈನಲಿಗಳ ಮೂವತ್ತು ಸಾಲಿನ ಬೇಲಿ ಬೇಕಾಗುತ್ತಿತ್ತು. ಆಳದಲ್ಲೆಲ್ಲೋ ಒಂದು ಮೆಥಡ್ ಕೊಟ್ಟ ಕನೆಕ್ಷನ್ ಬಿಟ್ಟು ತನ್ನದೇ ಒಂದನ್ನು ತೆರೆದರೆ, ಅಥವಾ ಅವಸರಪಟ್ಟು ತಾನೇ ಕಮಿಟ್ ಮಾಡಿದರೆ, ಶುಲ್ಕ ದಾಖಲಾಗಿಯೂ ಹಾಲ್ ಟಿಕೆಟ್ ಬಾರದೆ, ವಿದ್ಯಾರ್ಥಿ ರಸೀದಿ ಹಿಡಿದು ಕೌಂಟರಿನ ಮುಂದೆ ನಿಲ್ಲಬೇಕಾಗುತ್ತಿತ್ತು. ತಪ್ಪು ಒಂದು ಸಾಲಿನದು, ಅಲೆದಾಟ ಮಾತ್ರ ಆ ವಿದ್ಯಾರ್ಥಿಯದು.

2004ರಲ್ಲಿ ಜಾವಾ ಪ್ರೋಗ್ರಾಮ್‌ಗಳನ್ನು ಕಟ್ಟಲು ನೆರವಾಗುವ ಸ್ಪ್ರಿಂಗ್ ಚೌಕಟ್ಟಿನ ಮೊದಲ ಪೂರ್ಣ ಆವೃತ್ತಿ ಬಂದು, ಮರುವರ್ಷ ಮೆಥಡ್‌ನ ನೆತ್ತಿಯ ಮೇಲೆ ಟ್ರಾನ್ಸಾಕ್ಷನಲ್ ಎಂಬ ಒಂದು ಗುರುತು ಬರೆದರೆ ಸಾಕೆಂಬಂತಾದಾಗ ಆ ಬೇಲಿ ಕರಗಿತು. ಕನೆಕ್ಷನ್ನನ್ನು ಆಯಾ ಥ್ರೆಡ್ಡಿಗೆ, ಅಂದರೆ ಪ್ರೋಗ್ರಾಮ್ ನಡೆಯುವ ಎಳೆಗೆ, ಚೌಕಟ್ಟೇ ಕಟ್ಟಿಡುತ್ತದೆ. ಒಳಗಿನ ಮೆಥಡ್ ಈಗಾಗಲೇ ತೆರೆದಿರುವ ಟ್ರಾನ್ಸಾಕ್ಷನ್ನಿಗೇ ಸೇರಿಕೊಳ್ಳುತ್ತದೆ. ಮುಖ್ಯ ಕೆಲಸ ರದ್ದಾದರೂ ಪ್ರಯತ್ನದ ದಾಖಲೆ ಉಳಿಯಬೇಕೆಂದಿದ್ದಲ್ಲಿ ಮಾತ್ರ ಹೊಸ ಟ್ರಾನ್ಸಾಕ್ಷನ್ ಕೇಳಬಹುದು.

ಈ ಲಾಭ ನಿಜವಾದದ್ದು. ಆದರೆ ಟ್ರಾನ್ಸಾಕ್ಷನ್ ಎಲ್ಲಿ ಆರಂಭ, ಎಲ್ಲಿ ಮುಕ್ತಾಯ ಎಂಬುದು ಅದರೊಂದಿಗೇ ಕಣ್ಮರೆಯಾಯಿತು. ಗುರುತು ಕೆಲಸ ಮಾಡುವುದು ಹೊರಗಿನಿಂದ ಬರುವ ಕರೆಯನ್ನು ನಡುವೆ ತಡೆಯುವ ಪ್ರಾಕ್ಸಿಯ ಮೂಲಕವಾದ್ದರಿಂದ, ಒಂದೇ ಕ್ಲಾಸಿನ ಒಂದು ಮೆಥಡ್ ಇನ್ನೊಂದನ್ನು ನೇರವಾಗಿ ಕರೆದಾಗ ಗುರುತು ಇದ್ದೂ ಇಲ್ಲದಂತೆ. ಚೆಕ್ಡ್ ಎಕ್ಸೆಪ್ಶನ್ ಎಂಬ ಬಗೆಯ ದೋಷ ಹೊರಬಿದ್ದರೆ, ಬೇರೆ ಸೂಚನೆಯಿಲ್ಲದಿದ್ದಲ್ಲಿ, ರೋಲ್‌ಬ್ಯಾಕಿನ ಬದಲು ಕಮಿಟ್ಟೇ ಆಗುತ್ತದೆ. ಕನೆಕ್ಷನ್ನನ್ನು ಕೈಯಾರೆ ದಾಟಿಸಿ ಬೆಳೆದವರು ಇಂಥ ದೋಷವನ್ನು ಬೇಗ ಊಹಿಸುತ್ತಾರೆ. ಗುರುತಿನಿಂದಲೇ ಕಲಿಕೆ ಆರಂಭಿಸಿದವರಿಗೆ ಅದನ್ನು ಬಿಡಿಸಿ ತೋರಿಸಬೇಕಾಗುತ್ತದೆ.

ಇದೀಗ ಶುಲ್ಕ ಯುಪಿಐ ಮೂಲಕ ಬರುವಾಗ ಹಣ ಬ್ಯಾಂಕಿನ ಡೇಟಾಬೇಸಿನಲ್ಲಿ, ಹಾಲ್ ಟಿಕೆಟ್ ಇನ್ನೊಂದರಲ್ಲಿ. ಯಾವ ಗುರುತಿಗೂ ಎರಡನ್ನೂ ಸುತ್ತುವ ಶಕ್ತಿಯಿಲ್ಲ. ಆದ್ದರಿಂದ ಮೊದಲು ‘ಬಾಕಿ’ ಎಂಬ ಸ್ಥಿತಿಯ ಸಾಲೊಂದನ್ನು ಕಮಿಟ್ ಮಾಡಿಟ್ಟು, ಬ್ಯಾಂಕಿನ ಉತ್ತರ ಬಂದ ಮೇಲೆ ತಿದ್ದುವುದು, ಉತ್ತರವೇ ಬಾರದ ಸಾಲುಗಳನ್ನು ರಾತ್ರಿ ಬ್ಯಾಂಕಿನ ಪಟ್ಟಿಯೊಡನೆ ಒಂದೊಂದಾಗಿ ತಾಳೆ ನೋಡುವುದು ರೂಢಿಯಾಗಿದೆ.