ಪಿ.ಬಿ. ರೋಡು ಹಿಡಿದು

ಬೆಳಗಾವಿ
ಭಾನುವಾರ ರಾತ್ರಿ

ಅಕ್ಕಾ,

ಕ್ಷೇಮವಾಗಿ ಬೆಳಗಾವಿ ಮುಟ್ಟಿದೆ. ಬೆಂಗಳೂರಿಂದ ಐನೂರು ಕಿಲೋಮೀಟರು, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರ್ತೀಯ ಅಂತ ಭಾವ ಅಂದಿದ್ದರು. ನಾನು ಎರಡು ದಿನ ಮಾಡಿಕೊಂಡೆ, ಬೈಯಬೇಡಿ ಅನ್ನು.

ನಿಮ್ಮ ತುಮಕೂರಿನ ಬಿ.ಎಚ್. ರೋಡು ಅಂದರೆ ಬೆಂಗಳೂರು-ಹೊನ್ನಾವರ ರೋಡು ಅಂತ ಅಪ್ಪ ಹೇಳುತ್ತಿದ್ದದ್ದು ನೆನಪಿದೆಯಲ್ಲ? ಈ ಕಡೆಯದು ಪಿ.ಬಿ. ರೋಡು, ಪೂನಾ-ಬೆಂಗಳೂರು. ಹೆದ್ದಾರಿಗೆ ಈಗ 48ನೇ ನಂಬರು. ಲಾರಿಯವರ ಬಾಯಲ್ಲಿ ಇನ್ನೂ ಎನ್‌ಎಚ್ ಫೋರೇ. ಚತುಷ್ಪಥ ಆದಾಗ ಅದು ಊರುಗಳನ್ನು ಬಿಟ್ಟು ಹೊರಗೆ ಹೋಯಿತು. ಹಳೇ ದಾರಿ ಮಾತ್ರ ಹೆಸರಿಟ್ಟುಕೊಂಡು ಒಳಗೇ ಉಳಿದಿದೆ. ಬೈಪಾಸು ಬಿಟ್ಟು ಅದನ್ನೇ ಹಿಡಿಯೋಣ ಅಂತ ಮನಸ್ಸಾಯಿತು.

ಶಿರಾ, ಹಿರಿಯೂರು ದಾಟಿದ್ದೇ ತಿಳಿಯಲಿಲ್ಲ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು.

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದೆ, ಎರಡು. ಪಿ.ಬಿ. ಅಂದರೇನು ಅಂತ ತಟ್ಟೆ ತಂದ ಹುಡುಗನನ್ನು ಕೇಳಿದೆ. "ಪಿ.ಬಿ. ರೋಡು ಅಂದ್ರೆ ಪಿ.ಬಿ. ರೋಡೇ ಸಾರ್" ಅಂದ. ಗಲ್ಲಾದಲ್ಲಿದ್ದ ಮುದುಕರು ತಲೆ ಎತ್ತದೆ "ಪೂನಾ" ಅಂದರು, ಚಿಲ್ಲರೆ ಎಣಿಸುತ್ತಲೇ.

ಹರಿಹರದಲ್ಲಿ ಜಾಸ್ತಿ ಹೊತ್ತು ನಿಂತೆ. ಹೊಯ್ಸಳರ ಕಾಲದ ಗುಡಿ. ಒಂದೇ ಮೂರ್ತಿ, ಅರ್ಧ ಹರ, ಅರ್ಧ ಹರಿ. ಊರೂ ಹಾಗೇ ಇತ್ತು ನೋಡು. 1956ರ ನವೆಂಬರ್ 1ರವರೆಗೆ ತುಂಗಭದ್ರೆಯ ಈ ದಡ ಮೈಸೂರು, ಆ ದಡ ಮುಂಬಯಿ ರಾಜ್ಯ. ಪೂನಾಕ್ಕೆ ಹೋಗುವ ಲಾರಿ ನದಿ ದಾಟಿದರೆ ಸರ್ಕಾರವೇ ಬೇರೆ. ಸೇತುವೆ ದಾಟಿ ಚಾ ಕೇಳಿದೆ. "ಎಷ್ಟ್ ಬೇಕ್ರಿ?" ಅಂದ ಅಂಗಡಿಯವ. ಗಡಿ ಹೋಗಿ ಇಷ್ಟು ವರ್ಷವಾದರೂ ಆ "ರಿ" ಮಾತ್ರ ನದಿಯ ಆಚೆಯೇ ಕಾಯುತ್ತಾ ಕೂತಿದೆ ಅನ್ನಿಸಿತು. ನಮ್ಮ "ಸಾರ್"ಗಿಂತ ಕಿವಿಗೆ ಹಿತ, ಭಾವನಿಗೆ ಹೇಳಬೇಡ.

ರಾಣೇಬೆನ್ನೂರಲ್ಲಿ ನಿಲ್ಲಲಿಲ್ಲ. ಮೋಟೆಬೆನ್ನೂರಲ್ಲಿ ಹೊರಳಿ ಬ್ಯಾಡಗಿಗೆ ಹೋಗಿ ನಿನಗೆ ಎರಡು ಕಿಲೋ ಮೆಣಸಿನಕಾಯಿ ಕಟ್ಟಿಸಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ. ಸಾರಿಗೆ ಕೈ ಬಿಟ್ಟು ಹಾಕು. ಕಾರಿನ ತುಂಬ ಅದರದೇ ಘಾಟು, ಹಾವೇರಿಯವರೆಗೂ ಸೀನಿದೆ. ಅಲ್ಲಿ ಏಲಕ್ಕಿ ಹಾರ ಕೈಗೆತ್ತಿಕೊಂಡು ಮೂಸಿ, ಬೆಲೆ ಕೇಳಿ, ಸುಮ್ಮನೆ ವಾಪಸ್ಸಿಟ್ಟೆ.

ರಾತ್ರಿ ಹುಬ್ಬಳ್ಳಿಯಲ್ಲಿ ಉಳಿದೆ. ಅಲ್ಲಿಂದ ಧಾರವಾಡಕ್ಕೆ ಹೊರಗಿನ ಬೈಪಾಸು ಇದೆ. ವರ್ಷಗಟ್ಟಲೆ ಎರಡೇ ಪಥವಾಗಿದ್ದು ಎಷ್ಟೋ ಜೀವ ತಿಂದ ದಾರಿ. ಇಂದು ಬೆಳಿಗ್ಗೆ ಕಾರು ಲಾಡ್ಜಿನಲ್ಲೇ ಬಿಟ್ಟು ಪಿ.ಬಿ. ರೋಡಿನ ಬಸ್ಸು ಹತ್ತಿ ಧಾರವಾಡ ನೋಡಿ ಬಂದೆ. ಆ ಬಸ್ಸಿನ ಹೆಸರು "ಚಿಗರಿ". ಈ ಕಡೆಯವರಿಗೆ ಚಿಗರಿ ಅಂದರೆ ಜಿಂಕೆ. ರಸ್ತೆಯ ನಡುವೆ ಅದಕ್ಕೇ ಬೇರೆ ದಾರಿ ಬಿಟ್ಟಿದ್ದಾರೆ, ಓಡುವುದೂ ಹಾಗೇ.

ಕಿತ್ತೂರು ಸೇರುವಾಗ ಬಿಸಿಲು ಇಳಿದಿತ್ತು. ಕೋಟೆಯ ಒಳಗೆ ಅರಮನೆಯ ಮೋಟು ಗೋಡೆಗಳು, ನಾಲ್ಕಾರು ಶಾಲೆ ಮಕ್ಕಳು. 1824ರಲ್ಲಿ ಕಿತ್ತೂರಿನ ಮೇಲೆ ಬಂದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತದ್ದು ಎಲ್ಲಿ ಅಂತ ಅವರು ನನ್ನನ್ನೇ ಕೇಳಿದರು!

ಬೆಳಗಾವಿಯಲ್ಲೂ ಪಿ.ಬಿ. ರೋಡೇ, ಲಾಡ್ಜಿನ ಕಿಟಕಿಯಿಂದ ಬೋರ್ಡುಗಳು ಕಾಣುತ್ತವೆ. ನಾಳೆ ನಿಪ್ಪಾಣಿವರೆಗೆ ಹೋಗಿ ತಿರುಗುತ್ತೇನೆ. ಧಾರವಾಡ ಪೇಡ ಒಂದು ಡಬ್ಬಿ ತಂದಿದ್ದೆ. ಈ ಕಾಗದ ಬರೆಯುತ್ತಾ ಅರ್ಧ ಆಯಿತು. ಮಕ್ಕಳಿಗೆ ಕುಂದಾ ತರುತ್ತೇನೆ ಅನ್ನು.

ನಿನ್ನ ತಮ್ಮ